ಪ್ರಾಯ ಸಂದ ಮೇಲಿನ ಪರೀಕ್ಷೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ಮೈಸೂರಿನಲ್ಲಿ ನೆರೆದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಫಾಲ್ಗುಣ ಕಳೆದು ಚೈತ್ರವು ಅಡಿಯಿಡುವ ಹೊತ್ತಿಗೆ ಮೈಸೂರು ನಗರದ ಬೀದಿಗಳಲ್ಲಿ ಹೊಂಗೆಯ ಮರಗಳು ಚಿಗುರುತ್ತವೆ. ಶಾಲೆಗಳ ಮುಂದೆ ಪರೀಕ್ಷೆಯ ಗುಂಪು ಸೇರುತ್ತದೆ. ಹುಡುಗರೂ ಹುಡುಗಿಯರೂ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ತಂತಮ್ಮ ಸಂಖ್ಯೆಗಳನ್ನು ಹುಡುಕುತ್ತಿರುವಾಗ, ಅವರ ನಡುವೆ ಆಗೊಮ್ಮೆ ಈಗೊಮ್ಮೆ ಕೂದಲು ನರೆತ ಗೃಹಸ್ಥನೊಬ್ಬನು, ಅಥವಾ ಮನೆಯ ಕೆಲಸವನ್ನು ಮುಗಿಸಿ ಅವಸರದಿಂದ ಬಂದ ಗೃಹಿಣಿಯೊಬ್ಬಳು, ಅದೇ ಹಾಳೆಯಲ್ಲಿ ತನ್ನ ಸಂಖ್ಯೆಯನ್ನು ಹುಡುಕುತ್ತಿರುವುದುಂಟು. ಬಾಗಿಲಲ್ಲಿ ನಿಂತವನು ಅವರನ್ನು ಕಂಡು, ಮಕ್ಕಳನ್ನು ಬಿಡಲು ಬಂದ ಹೆತ್ತವರೆಂದು ತಿಳಿದು, "ತಾವು ಹೊರಗೇ ಇರಬೇಕು" ಎನ್ನುವನು. ಆಗ ಅವರು ತಮ್ಮ ಪ್ರವೇಶಪತ್ರವನ್ನು ತೆಗೆದು ತೋರಿಸಬೇಕಾಗುವುದು. ಆ ಒಂದು ಗಳಿಗೆಯಲ್ಲಿ ಅವರ ಮುಖದಲ್ಲಿ ಮೂಡುವ ಸಂಕೋಚವೇ ಈ ಉಪನ್ಯಾಸಕ್ಕೆ ವಿಷಯವಾಗಿದೆ.

ಇಂಥವರು ಮೂರು ಬಗೆಯವರು. ಬಾಲ್ಯದಲ್ಲಿ ಪರೀಕ್ಷೆಗೆ ಕುಳಿತು ತೇರ್ಗಡೆಯಾಗದೆ, ಒಂದೆರಡು ವಿಷಯಗಳನ್ನು ಹಾಗೆಯೇ ಬಾಕಿ ಉಳಿಸಿಕೊಂಡು, ಸಂಸಾರದ ನೊಗಕ್ಕೆ ಹೆಗಲು ಕೊಟ್ಟವರು ಮೊದಲನೆಯವರು. ಬಡತನದಿಂದಲೋ, ತಂದೆಯ ಮರಣದಿಂದಲೋ, ಎಳೆಯ ಪ್ರಾಯದ ವಿವಾಹದಿಂದಲೋ ಪರೀಕ್ಷೆಯ ತನಕ ಬಾರದೆಯೇ ಶಾಲೆಯನ್ನು ಬಿಟ್ಟವರು ಎರಡನೆಯವರು. ತೇರ್ಗಡೆಯಾಗಿದ್ದರೂ ಅಂದು ಓದಿದ ವಿಷಯಗಳು ಇಂದು ಬಯಸುವ ವೃತ್ತಿಗೆ ಹೊಂದದ ಕಾರಣ ಮತ್ತೆ ಓದಬೇಕಾಗಿ ಬಂದವರು ಮೂರನೆಯವರು. ಮೂವರೂ ಬಂದ ದಾರಿ ಬೇರೆ ಬೇರೆಯಾದರೂ ನಿಂತಿರುವ ಬಾಗಿಲು ಒಂದೇ. ಅವರ ಕಿವಿಗೆ ಬೀಳುವ ಮಾತೂ ಒಂದೇ: "ಈ ವಯಸ್ಸಿನಲ್ಲಿ ಇದೆಲ್ಲ ಏಕೆ?" ಈ ಪ್ರಶ್ನೆಗೆ ಸಮಾಧಾನವನ್ನು ಹುಡುಕುವುದೂ, ಪ್ರಶ್ನೆಯನ್ನು ಕೇಳುವವರ ಕರ್ತವ್ಯವೇನೆಂಬುದನ್ನು ವಿಚಾರಿಸುವುದೂ ಪ್ರಕೃತ ಉದ್ದೇಶ.

ಪ್ರಾಯ ಸಂದ ಮೇಲೆ ವೃತ್ತಿಯನ್ನು ಬದಲಿಸುವುದು ಚಪಲಚಿತ್ತದ ಲಕ್ಷಣವೆಂದು ಕೆಲವರು ಎಣಿಸುತ್ತಾರೆ. ಶರಣರ ಚರಿತ್ರೆಯನ್ನು ಕೇಳಿ ಬೆಳೆದವರು ಹೀಗೆ ಎಣಿಸಲಾರರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು, ಸೌದೆಯ ಹೊರೆಯನ್ನು ಮಾರುವ ಕಾಯಕವನ್ನು ಕೈಕೊಂಡರೆಂಬುದು ಪರಂಪರೆಯ ಮಾತು. ಹರಿಹರ ಮಹಾಕವಿಯು ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿ ಲೆಕ್ಕಪತ್ರಗಳನ್ನು ನೋಡಿಕೊಂಡಿದ್ದು, ಅದನ್ನು ಬಿಟ್ಟು ಹಂಪೆಯನ್ನು ಸೇರಿ, ಶರಣರ ಚರಿತೆಗಳನ್ನು ರಗಳೆಗಳಲ್ಲಿ ಹಾಡಿದನೆಂದು ಪ್ರತೀತಿ. ಇವರಿಬ್ಬರೂ ಬಾಲಕರಾಗಿದ್ದಾಗ ಮಾಡಿದ ನಿರ್ಧಾರಗಳಲ್ಲ ಇವು. ಬದುಕನ್ನು ಕಂಡು, ಉಂಡು, ತೂಗಿ ನೋಡಿದ ಮೇಲೆ ಮಾಡಿದ ನಿರ್ಧಾರಗಳು. ಕಾಯಕವು ಹುಟ್ಟಿನೊಡನೆ ಬಿಗಿದ ಕಟ್ಟಲ್ಲವೆಂಬ ತತ್ತ್ವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ ಬೇಕು?

ಆದರೆ ಒಂದು ಭೇದವುಂಟು. ಮಾರಯ್ಯನವರು ಸೌದೆಯ ಹೊರೆಯನ್ನು ಹೊತ್ತು ಬಂದಾಗ ಅವರ ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ. ಹೊರೆಯ ತೂಕವೇ ಅವರ ಪರವಾಗಿ ಮಾತನಾಡಿತು. ಈ ಕಾಲದಲ್ಲಿ ಹಾಗಲ್ಲ. ರೋಗಿಯು ತನಗೆ ಶುಶ್ರೂಷೆ ಮಾಡುವವಳ ವಿದ್ಯೆಯನ್ನು ತಾನೇ ಪರೀಕ್ಷಿಸಲಾರನು. ಔಷಧವನ್ನು ಕೊಳ್ಳುವವನು ಅಂಗಡಿಯವನ ಜ್ಞಾನವನ್ನು ಅಳೆಯಲಾರನು. ಆದಕಾರಣ ಒಂದು ಕಾಗದವು ಅವರ ಪರವಾಗಿ ಸಾಕ್ಷಿ ನುಡಿಯಬೇಕಾಗಿದೆ. ಆ ಕಾಗದಗಳ ಸಾಲಿನಲ್ಲಿ ಮೊದಲನೆಯದು ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಅದರಲ್ಲಿ ಅಂಕಗಳಷ್ಟೇ ಇರುವುದಿಲ್ಲ. ಹೆಸರು, ಹೆತ್ತವರ ಹೆಸರು, ಹುಟ್ಟಿದ ದಿನ ಇವೆಲ್ಲವೂ ಇರುತ್ತವೆ. ಎಷ್ಟೋ ಕಚೇರಿಗಳಲ್ಲಿ ವಯಸ್ಸಿಗೆ ಪ್ರಮಾಣವೆಂದು ಒಪ್ಪುವುದು ಈ ಕಾಗದವನ್ನೇ. ಇದಿಲ್ಲದವನಿಗೆ ಇದರ ಮುಂದಿನ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿಯೇ ಇರುತ್ತವೆ.

ಮೈಸೂರಿಗೂ ಪರೀಕ್ಷೆಗೂ ಇರುವ ನಂಟು ಹಳೆಯದು. ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ 1876ರಲ್ಲಿ ಈ ನಗರದಲ್ಲಿ ಶಾಲೆಯೊಂದು ಏರ್ಪಟ್ಟು, ಎಷ್ಟೋ ತಲೆಮಾರುಗಳಿಗೆ ವಿದ್ಯಾದಾನ ಮಾಡಿತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಇಲ್ಲಿನ ಕಾಲೇಜಿನವರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕೂಡುತ್ತಿದ್ದರು. ತೇರ್ಗಡೆಯಾದವರ ಹೆಸರುಗಳನ್ನು ಶಾಲೆಗಳು ಹಲಗೆಯ ಮೇಲೆ ಬರೆಯಿಸಿದುವು. ತೇರ್ಗಡೆಯಾಗದವರ ಹೆಸರನ್ನು ಯಾವ ಶಾಲೆಯೂ ಬರೆಯಿಸಲಿಲ್ಲ. ಅವರ ಕಥೆಯನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಅಂಥ ಒಂದು ಕಥೆ ಲೋಕಪ್ರಸಿದ್ಧವಾದುದು. ಆರ್. ಕೆ. ನಾರಾಯಣರ ತಂದೆಯವರು ಮೈಸೂರಿನಲ್ಲಿ ಮಹಾರಾಜಾ ಕಾಲೇಜಿಗೆ ಸೇರಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಅಂಥವರ ಮಗನು 1925ರಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಊರಿನ ಮಕ್ಕಳನ್ನೆಲ್ಲ ಪರೀಕ್ಷೆಗೆ ಸಿದ್ಧಗೊಳಿಸುವ ಮನೆಯಲ್ಲಿಯೇ ಹೀಗಾಯಿತು. ಆ ಯುವಕನು ಒಂದು ವರ್ಷ ಕಾಲ ಮನೆಯಲ್ಲಿದ್ದು, ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ತಿರುಗಾಡುತ್ತ, ತನಗೆ ಬೇಕೆನಿಸಿದ ಪುಸ್ತಕಗಳನ್ನು ಓದಿದನು. 1926ರಲ್ಲಿ ಮರಳಿ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಿ ಮಹಾರಾಜಾ ಕಾಲೇಜನ್ನು ಸೇರಿದನು. ಪದವಿಗೂ ವಾಡಿಕೆಗಿಂತ ಒಂದು ವರ್ಷ ಹೆಚ್ಚಾಗಿ ಹಿಡಿದು, 1930ರಲ್ಲಿ ಅದು ಮುಗಿಯಿತು. ಐದು ವರ್ಷಗಳ ತರುವಾಯ, 1935ರಲ್ಲಿ, ಆತನ ಮೊದಲನೆಯ ಕಾದಂಬರಿ ಪ್ರಕಟವಾಯಿತು. 1986ರಲ್ಲಿ ರಾಜ್ಯಸಭೆಗೆ ನಾಮಕರಣ ಹೊಂದಿದ ಮೇಲೆ ಅವರು ಅಲ್ಲಿ ಎತ್ತಿದ ಮಾತು ಯಾವುದು? ಎಳೆಯ ಮಕ್ಕಳ ಬೆನ್ನಿನ ಮೇಲಿರುವ ಪುಸ್ತಕದ ಹೊರೆಯ ಮಾತು. ಆ ಚಿಂತನೆಯು ಮುಂದುವರಿದು, ಪ್ರೊಫೆಸರ್ ಯಶಪಾಲರ ಅಧ್ಯಕ್ಷತೆಯ ಸಮಿತಿಯು 1993ರಲ್ಲಿ ಹೊರೆಯಿಲ್ಲದ ಕಲಿಕೆಯನ್ನು ಕುರಿತು ವರದಿಯನ್ನು ಒಪ್ಪಿಸಿತು. ಒಮ್ಮೆ ಪರೀಕ್ಷೆಯಲ್ಲಿ ಬಿದ್ದವನು ಅರವತ್ತು ವರ್ಷಗಳಾದ ಮೇಲೆಯೂ ಶಾಲೆಯ ಮಕ್ಕಳನ್ನು ಮರೆಯಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಉದಾಹರಣೆಯನ್ನೂ ಹೇಳದಿದ್ದರೆ ನ್ಯಾಯವಾಗದು. ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇ ಇಲ್ಲ. ಸಂಸ್ಕೃತವನ್ನೂ ವೇದಾಂತವನ್ನೂ ರಾಜ್ಯಶಾಸ್ತ್ರವನ್ನೂ ಸ್ವಂತ ವ್ಯಾಸಂಗದಿಂದ ಸಂಪಾದಿಸಿ, ಪತ್ರಿಕೆಗಳನ್ನು ನಡೆಸಿ, ಕಡೆಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದಲೇ ಗೌರವ ಡಾಕ್ಟರೇಟ್ ಪಡೆದರು. ಕಾಗದವೇ ವಿದ್ಯೆಯಲ್ಲವೆಂಬುದಕ್ಕೆ ಅವರೇ ಪ್ರಮಾಣ. ಆದರೆ ಈ ಪ್ರಮಾಣವನ್ನು ಎಲ್ಲರಿಗೂ ಹೊದಿಸಲಾಗದು. ಲೋಕವು ಒಬ್ಬ ಗುಂಡಪ್ಪನವರನ್ನು ಹುಡುಕಿಕೊಂಡು ಬಂದಿತು. ಇಬ್ಬರು ಮಕ್ಕಳನ್ನು ಸಾಕಬೇಕಾದ ಸಾಮಾನ್ಯ ಗೃಹಸ್ಥನನ್ನು ಲೋಕವು ಹುಡುಕಿಕೊಂಡು ಬರುವುದಿಲ್ಲ. ಅವನೇ ಬಾಗಿಲನ್ನು ತಟ್ಟಬೇಕು. "ಡಿವಿಜಿಯವರು ಪಾಸಾಗಿದ್ದರೇ?" ಎಂದು ಹೇಳಿ ಅಂಥವನ ಉತ್ಸಾಹವನ್ನು ತಗ್ಗಿಸುವವರು ಮಹಾತ್ಮರ ಹೆಸರನ್ನು ಸೋಮಾರಿತನಕ್ಕೆ ಉಪಯೋಗಿಸಿದಂತಾಗುವುದು.

ನಾರಾಯಣರು ಮರಳಿ ಪರೀಕ್ಷೆಗೆ ಕುಳಿತಾಗ ಇಪ್ಪತ್ತರ ಒಳಗಿನವರು. ತಂದೆಯ ಮನೆಯ ಅನ್ನ ಇದ್ದಿತು. ಪ್ರಾಯಕ್ಕೆ ಬಂದು, ಕಷ್ಟಗಳನ್ನು ಉಂಡು, ಅನಂತರ ಶಾಲೆಯ ಪರೀಕ್ಷೆಗೆ ಕುಳಿತವರಲ್ಲಿ ಈ ದೇಶವು ಮರೆಯಬಾರದ ಹೆಸರು ದುರ್ಗಾಬಾಯಿ ದೇಶಮುಖರದು. ತಾಯಂದಿರೇ, ಅವರ ಚರಿತ್ರೆಯನ್ನು ಅವಧಾನದಿಂದ ಕೇಳಬೇಕು.

ಅವರು 1909ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿದರು. ಎಂಟನೆಯ ವಯಸ್ಸಿಗೆ ವಿವಾಹವಾಯಿತು. ದೊಡ್ಡವರಾದ ಮೇಲೆ ಆ ಸಂಬಂಧವನ್ನು ತಾವೇ ಬಿಟ್ಟುಕೊಟ್ಟರು. ಶಾಲೆಯಲ್ಲಿ ಇಂಗ್ಲಿಷಿನ ಒತ್ತಾಯವನ್ನು ಒಪ್ಪದೆ ಎಳೆತನದಲ್ಲಿಯೇ ಹೊರಗೆ ಬಂದು, ಹೆಣ್ಣುಮಕ್ಕಳಿಗೆ ಹಿಂದಿಯನ್ನು ಕಲಿಸುವ ಪಾಠಶಾಲೆಯೊಂದನ್ನು ನಡೆಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಯನ್ನು ಕಂಡರು. ಅಲ್ಲಿ ಓದುಬರಹ ತಿಳಿಯದ ಸ್ತ್ರೀಯರು, ತಮ್ಮ ಪರವಾಗಿ ಏನು ಹೇಳಿಕೊಳ್ಳಬೇಕೆಂಬುದನ್ನೂ ಅರಿಯದೆ, ದೀರ್ಘ ಶಿಕ್ಷೆಗಳನ್ನು ಅನುಭವಿಸುತ್ತಿರುವುದನ್ನು ಕಂಡು, ನ್ಯಾಯಶಾಸ್ತ್ರವನ್ನು ಓದಬೇಕೆಂಬ ಸಂಕಲ್ಪ ಅವರಲ್ಲಿ ಹುಟ್ಟಿತು. ಸಂಕಲ್ಪವೇನೋ ಹುಟ್ಟಿತು, ಆದರೆ ವಕೀಲರಾಗಬೇಕಾದರೆ ಪದವಿ ಬೇಕು, ಪದವಿಗೆ ಮೆಟ್ರಿಕ್ಯುಲೇಷನ್ ಬೇಕು. ಸಭೆಗಳಲ್ಲಿ ಸಾವಿರಾರು ಜನರ ಮುಂದೆ ಮಾತನಾಡಿದ್ದ ಆಕೆ, ಸೆರೆಮನೆಯಿಂದ ಬಂದ ತರುವಾಯ, ಇಪ್ಪತ್ತೈದರ ಆಸುಪಾಸಿನಲ್ಲಿ, ಹಿಂದೆ ತಾವೇ ಬಿಟ್ಟಿದ್ದ ಇಂಗ್ಲಿಷಿನೊಡನೆ ಎಲ್ಲವನ್ನೂ ಮೊದಲಿನಿಂದ ಕಲಿತು, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಖಾಸಗಿಯಾಗಿ ಕುಳಿತು ತೇರ್ಗಡೆಯಾದರು. ಇಲ್ಲಿ ಮೈಸೂರಿನವರು ಹೆಮ್ಮೆಪಡತಕ್ಕ ಒಂದು ಸಂಗತಿಯುಂಟು: ಆ ವಿಶ್ವವಿದ್ಯಾನಿಲಯದ ಮೊದಲನೆಯ ಕುಲಪತಿಗಳು ನಾಲ್ವಡಿ ಕೃಷ್ಣರಾಜ ಒಡೆಯರವರು. ಅನಂತರ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಪದವಿಯೂ, 1942ರಲ್ಲಿ ಮದರಾಸಿನಲ್ಲಿ ನ್ಯಾಯಶಾಸ್ತ್ರದ ಪದವಿಯೂ ದೊರೆತವು. ಮುಂದೆ ಸಂವಿಧಾನ ಸಭೆಯಲ್ಲಿ ಕುಳಿತು ದೇಶದ ಮೂಲಶಾಸನವನ್ನು ರೂಪಿಸಿದ ಕೆಲವೇ ಮಹಿಳೆಯರಲ್ಲಿ ಒಬ್ಬರಾದರು.

ಅವರು ಏರಿದ ಮೇಲೆ ಏಣಿಯನ್ನು ಒದೆಯಲಿಲ್ಲ. ತಾವು ಓದುತ್ತಿರುವಾಗಲೇ ತಮ್ಮಂತೆ ಶಾಲೆ ತಪ್ಪಿದ ಸ್ತ್ರೀಯರನ್ನು ಕೂಡಿಸಿಕೊಂಡು ಅದೇ ಪರೀಕ್ಷೆಗೆ ಪಾಠ ಹೇಳಿದರು. 1937ರಲ್ಲಿ ಮದರಾಸಿನಲ್ಲಿ ಆರಂಭವಾದ ಆಂಧ್ರ ಮಹಿಳಾ ಸಭೆಯು ಈ ಕೆಲಸವನ್ನೇ ಬೆಳೆಸಿತು. 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಏರ್ಪಟ್ಟಾಗ ಅದರ ಮೊದಲನೆಯ ಅಧ್ಯಕ್ಷೆ ಅವರೇ. ಪಂಚವಾರ್ಷಿಕ ಯೋಜನೆಗಳಿಗೆ ಹಳ್ಳಿಗಳಲ್ಲಿ ಉಪಾಧ್ಯಾಯಿನಿಯರು, ದಾದಿಯರು, ಸೂಲಗಿತ್ತಿಯರು, ಗ್ರಾಮಸೇವಿಕೆಯರು ಬೇಕಾಗಿದ್ದರು. ಆ ತರಬೇತಿಗಳಿಗೆ ಬೇಕಾದಷ್ಟು ಶಾಲೆ ಓದಿದ ಹೆಂಗಸರು ಸಿಕ್ಕುತ್ತಿರಲಿಲ್ಲ. ಅತ್ತ ಕೆಲಸವಿದ್ದು ಜನರಿಲ್ಲ. ಇತ್ತ ಜನರಿದ್ದು, ವಿಧವೆಯರೂ ಪತಿಯಿಂದ ದೂರವಾದವರೂ ಜೀವನೋಪಾಯವಿಲ್ಲದೆ ಇದ್ದು, ಕಾಗದವಿಲ್ಲ. ಈ ಎರಡರ ನಡುವಣ ಕಂದಕಕ್ಕೆ ಸೇತುವೆಯಾಗಿ 1958ರಲ್ಲಿ ಮಂಡಳಿಯು ಪ್ರಾಯದ ಸ್ತ್ರೀಯರಿಗೆಂದು ಸಂಕ್ಷಿಪ್ತ ಶಿಕ್ಷಣಕ್ರಮವನ್ನು ಹೊರಡಿಸಿತು. ಹಲವು ವರ್ಷಗಳ ಶಾಲಾಪಾಠವನ್ನು ಸುಮಾರು ಎರಡು ವರ್ಷಗಳಲ್ಲಿ ಮುಗಿಸಿ ಪರೀಕ್ಷೆಗೆ ಕೂಡಿಸುವುದು ಅದರ ಕ್ರಮ. ಶಾಲೆಯ ಪರೀಕ್ಷೆಯನ್ನು ದೊಡ್ಡವರಾದ ಮೇಲೆ ಬರೆಯುವುದು ಬದುಕಿನ ದಾರಿಯನ್ನು ತಿರುಗಿಸಬಲ್ಲುದೆಂಬುದನ್ನು ದೇಶವು ಒಪ್ಪಿ, ಯೋಜನೆ ಮಾಡಿ, ಹಣ ಕೊಟ್ಟು ನಡೆಸಿದ ಪ್ರಸಂಗವಿದು. "ಈ ವಯಸ್ಸಿನಲ್ಲಿ ಏಕೆ?" ಎಂಬ ಪ್ರಶ್ನೆಗೆ ಅಂದೇ ಉತ್ತರ ಕೊಟ್ಟಾಗಿದೆ.

ಮೈಸೂರು ಸೀಮೆಯೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 1940ರ ದಶಕದ ಆರಂಭದಲ್ಲಿ ಇಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಏರ್ಪಟ್ಟು, ಹೊಸದಾಗಿ ಅಕ್ಷರ ಕಲಿತವರಿಗಾಗಿ 'ಬೆಳಕು' ಎಂಬ ವಾರಪತ್ರಿಕೆಯನ್ನು ಹೊರಡಿಸಿತು. 1947ರಲ್ಲಿ ನಂಜನಗೂಡಿನಲ್ಲಿ, ಡೆನ್ಮಾರ್ಕ್ ದೇಶದ ಜನತಾ ವಿದ್ಯಾಲಯಗಳ ಮಾದರಿಯಲ್ಲಿ, ರೈತ ಯುವಕರಿಗಾಗಿ ವಿದ್ಯಾಪೀಠವನ್ನು ತೆರೆಯಿತು. ಆ ಮಾದರಿಯಲ್ಲಿ ಪರೀಕ್ಷೆಗೆ ಪ್ರಾಧಾನ್ಯವಿಲ್ಲ. ಬಾಳುವುದನ್ನು ಕಲಿಸುವುದೇ ಗುರಿ. ಬದುಕಿಗೆ ಬೇಕಾದ ವಿದ್ಯೆ ಒಂದು, ಬಾಗಿಲನ್ನು ತೆರೆಯುವ ವಿದ್ಯೆ ಇನ್ನೊಂದು, ಎರಡೂ ಬೇಕು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯನ್ನು ಆರಂಭಿಸಿತು. ಅದರಿಂದ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಈ ನಗರದ ಮುಕ್ತಗಂಗೋತ್ರಿಯಲ್ಲಿ ನೆಲೆಗೊಂಡಿತು. ದುಡಿಯುತ್ತಲೇ ಪದವಿ ಪಡೆಯಬಹುದು. ಆದರೆ ಅಲ್ಲಿಗೆ ಹೋಗಲೂ ಪಿ.ಯು.ಸಿ. ಅಥವಾ ಅದಕ್ಕೆ ಸಮಾನವಾದ ತೇರ್ಗಡೆ ಇರಬೇಕು. ಹೀಗಾಗಿ ದಾರಿಯು ಸುತ್ತಿ ಬಳಸಿ ಮತ್ತೆ ಶಾಲೆಯ ಪರೀಕ್ಷೆಗೇ ಬರುತ್ತದೆ.

ಹಿಂದೆ ಈ ಪರೀಕ್ಷೆಯು ವರ್ಷಕ್ಕೊಮ್ಮೆ ತೆರೆಯುವ ಬಾಗಿಲು. ತಪ್ಪಿದವನಿಗೆ ಪೂರಕ ಪರೀಕ್ಷೆಯೊಂದೇ ಆಸರೆ. 2024ರಲ್ಲಿ ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿ.ಯು.ಸಿ.ಗೂ ವರ್ಷದಲ್ಲಿ ಮೂರು ಪರೀಕ್ಷೆಗಳು ನಡೆಯುವ ಏರ್ಪಾಡಾಯಿತು. ತೇರ್ಗಡೆಯಾದವನೂ ಮತ್ತೆ ಕುಳಿತು ಅಂಕವನ್ನು ಹೆಚ್ಚಿಸಿಕೊಳ್ಳಬಹುದು, ಹೆಚ್ಚಿಗೆ ಬಂದುದೇ ನಿಲ್ಲುವುದು. ಶಾಲೆಗೆ ಹೋಗದ ಪ್ರಾಯಸ್ಥರು ಖಾಸಗಿ ಅಭ್ಯರ್ಥಿಗಳಾಗಿ ಎಸ್.ಎಸ್.ಎಲ್.ಸಿ. ಬರೆಯಲು ಅವಕಾಶವುಂಟು. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ವಯಸ್ಸಿಗೆ ಮೇಲ್ಮಿತಿಯಿಲ್ಲ. ಒಂದೊಂದೇ ವಿಷಯವನ್ನು ತೇರ್ಗಡೆ ಮಾಡಿಕೊಳ್ಳುತ್ತ ಐದು ವರ್ಷಗಳಲ್ಲಿ ಮುಗಿಸಬಹುದು. ದುಡಿಯುವವನಿಗೆ ಈ ಕ್ರಮ ಅನುಕೂಲವಾದುದು. ಹೊರೆಯನ್ನು ಒಂದೇ ಸಲ ಎತ್ತಲಾರದವನು ಎರಡು ಮೂರು ಸಲವಾಗಿ ಸಾಗಿಸಿದಂತೆ.

ಇನ್ನು ಮುಖ್ಯವಾದ ಎಚ್ಚರಿಕೆಯ ಮಾತು. ಸದ್ಭಕ್ತರೇ, ಹೊಲವನ್ನು ನೋಡದೆ ಬೀಜವನ್ನು ಕೊಳ್ಳುವ ರೈತನಿಲ್ಲ. ಹಾಗೆಯೇ ಯಾವ ಕಾಯಕವನ್ನು ಸೇರಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಆ ಬಾಗಿಲು ಏನನ್ನು ಕೇಳುತ್ತದೆಂಬುದನ್ನು ವಿಚಾರಿಸಿ, ಅನಂತರ ಪುಸ್ತಕವನ್ನು ತೆರೆಯತಕ್ಕದ್ದು. ವಾಣಿಜ್ಯ ವಿಷಯಗಳಲ್ಲಿ ಪಿ.ಯು.ಸಿ. ಮಾಡಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿರುವವನು ಔಷಧಶಾಸ್ತ್ರದ ಡಿಪ್ಲೊಮಾ ಸೇರಬೇಕಾದರೆ ವಿಜ್ಞಾನ ವಿಷಯಗಳನ್ನು ಓದಲೇಬೇಕು. ವಾಣಿಜ್ಯದಲ್ಲಿಯೇ ಮತ್ತೆ ಕುಳಿತು ನೂರಕ್ಕೆ ನೂರು ತೆಗೆದರೂ ಫಲವಿಲ್ಲ. ಪಾಲಿಟೆಕ್ನಿಕ್ ಸೇರಬೇಕಾದವನಿಗೆ ಪಿ.ಯು.ಸಿ. ಬೇಕಿಲ್ಲ, ಎಸ್.ಎಸ್.ಎಲ್.ಸಿ. ಸಾಕು. ಅಂಗನವಾಡಿಯಲ್ಲಿ ಸಹಾಯಕಿಯಾಗಿರುವವಳು ಕಾರ್ಯಕರ್ತೆಯಾಗಬೇಕಾದರೆ ನಿಗದಿಯಾದ ವಿದ್ಯಾರ್ಹತೆ ಇರಬೇಕು. ಆಕೆಗೆ ಒಂದು ತೇರ್ಗಡೆಯ ಬೆಲೆ ಜೀವನಪರ್ಯಂತ ಬರುವ ಸಂಬಳದ ಅಂತರ.

ಕೆಲವು ಸಲ ಬಾಗಿಲೇ ಬದಲಾಗಿರುವುದುಂಟು. ಬಾಡಿಗೆ ವಾಹನವನ್ನೂ ಲಾರಿಯನ್ನೂ ಓಡಿಸುವ ಪರವಾನಗಿಗೆ ಹಿಂದೆ ಎಂಟನೆಯ ತರಗತಿಯ ತೇರ್ಗಡೆ ಬೇಕಾಗಿತ್ತು. 2019ರಲ್ಲಿ ಆ ನಿಯಮವನ್ನು ತೆಗೆದುಹಾಕಲಾಯಿತು. ಅದನ್ನರಿಯದೆ ಪರೀಕ್ಷೆಯ ಶುಲ್ಕ ಕಟ್ಟಿದವನ ಶ್ರಮ ಆ ಮಟ್ಟಿಗೆ ವ್ಯರ್ಥ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಇದ್ದ ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದರು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವನ್ನು ಓದದೆ ಗಣಿತವನ್ನು ಓದಿದವರು, ಅನಂತರ ಜೀವಶಾಸ್ತ್ರವೊಂದನ್ನೇ ಹೆಚ್ಚಿನ ವಿಷಯವಾಗಿ ತೇರ್ಗಡೆ ಮಾಡಿಕೊಂಡು ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಪ್ರಕಟಿಸಿತು. ಇಡೀ ಪರೀಕ್ಷೆಯನ್ನು ಮರಳಿ ಬರೆಯಬೇಕೆಂದು ಹೆದರಿ ಕೈಬಿಟ್ಟವರು ಎಷ್ಟೋ ಮಂದಿ. ಬೇಕಾಗಿದ್ದುದು ಒಂದೇ ವಿಷಯ. ಒಡಿಶಾದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೆಯ ವಯಸ್ಸಿನಲ್ಲಿ ನೀಟ್ ತೇರ್ಗಡೆಯಾಗಿ 2020ರಲ್ಲಿ ವೈದ್ಯಕೀಯ ಕಾಲೇಜನ್ನು ಸೇರಿದ್ದು ಲೋಕವೇ ಬಲ್ಲ ಸಂಗತಿ. ಐರ್ಲೆಂಡ್ ದೇಶದಲ್ಲಿ 23 ವರ್ಷ ತುಂಬಿದವರನ್ನು ಪ್ರೌಢ ವಿದ್ಯಾರ್ಥಿಗಳೆಂದು ಗಣಿಸಿ, ಶಾಲೆಯ ಅಂತಿಮ ಪರೀಕ್ಷೆಯ ಅಂಕಗಳಿಲ್ಲದೆಯೂ ಎಷ್ಟೋ ಪದವಿ ತರಗತಿಗಳಿಗೆ ಸೇರಿಸಿಕೊಳ್ಳುವರು. ಇಲ್ಲಿಯ ಮಾತು ಬೇರೆ. ಕಾಗದವಿಲ್ಲದೆ ಬಾಗಿಲು ತೆರೆಯದು. ಸರಕಾರಿ ಕೆಲಸಗಳಿಗೆ ವಯೋಮಿತಿಯೂ ಉಂಟು. ಆ ಮಿತಿ ದಾಟಿದವರು ಸರಕಾರಿ ಕೆಲಸವನ್ನೇ ನಂಬಿ ಓದಬಾರದು. ಸ್ವತಂತ್ರ ಕಾಯಕಕ್ಕೆ ದಾರಿಯಾಗುವ ವಿದ್ಯೆಯನ್ನು ಆರಿಸಿಕೊಳ್ಳಬೇಕು. ಓದಿಲ್ಲದೆ ಪ್ರಮಾಣಪತ್ರ ಕೊಡಿಸುತ್ತೇವೆಂದು ಹಣ ಕೀಳುವವರ ಬಲೆಗೆ ಎಂದಿಗೂ ಬೀಳಬಾರದು. ಆ ಕಾಗದವು ಉದ್ಯೋಗದ ದಿನದಲ್ಲಿ ಸಾಕ್ಷಿಯಾಗುವುದಿಲ್ಲ, ಆಪಾದನೆಯಾಗುತ್ತದೆ.

ಹೊರಗಿನ ಬಾಗಿಲಿನ ಮಾತು ಇಲ್ಲಿಗೆ ಸಾಕು. ಇದಕ್ಕಿಂತ ಕಠಿಣವಾದ ಬಾಗಿಲು ಮನೆಯ ಒಳಗೇ ಇದೆ. ಮೈಸೂರಿನ ಕೇರಿಗಳಲ್ಲಿ ಜಗಲಿಯ ಮೇಲೆ ಕುಳಿತು ಅಗರಬತ್ತಿ ಹೊಸೆದು ಜೀವಿಸುವ ಸ್ತ್ರೀಯರು ಬಹುಮಂದಿ. ಅವರ ಕೂಲಿ ಕಡ್ಡಿಗಳ ಲೆಕ್ಕದ ಮೇಲೆ. ಅಂಥವಳೊಬ್ಬಳು ದಿನಕ್ಕೆ ಎರಡು ಗಂಟೆ ಪುಸ್ತಕದ ಮುಂದೆ ಕುಳಿತರೆ, ಆ ಎರಡು ಗಂಟೆಯ ಕಡ್ಡಿಗಳು ಆ ದಿನದ ಕೂಲಿಯಿಂದ ಕಳೆದುಹೋಗುತ್ತವೆ. ಸಾರಿಗೆ ಬೇಳೆ ಕಡಿಮೆಯಾದುದನ್ನು ಮನೆಯವರು ಅಂದೇ ಕಾಣುತ್ತಾರೆ. ತೇರ್ಗಡೆಯ ಫಲವನ್ನು ಕಾಣುವುದು ಎರಡು ಮೂರು ವರ್ಷಗಳ ಮೇಲೆ. ಈ ನಡುವಣ ಕಾಲವೇ ನಿಜವಾದ ಪರೀಕ್ಷೆ. ಇದನ್ನು ಬರೆಯುವವಳು ಒಬ್ಬಳಲ್ಲ, ಮನೆಯೆಲ್ಲ ಬರೆಯುತ್ತದೆ. ಗಂಡನು ಒಂದು ಹೊತ್ತಿನ ಪಾತ್ರೆಯನ್ನು ತೊಳೆದರೆ ಅದು ಗಣಿತದಲ್ಲಿ ಅಂಕವಾಗುವುದು. ಅತ್ತೆಯು ಮಗುವನ್ನು ಎತ್ತಿಕೊಂಡರೆ ಅದು ವಿಜ್ಞಾನದಲ್ಲಿ ಅಂಕವಾಗುವುದು. 625 ಅಂಕಗಳ ಪಟ್ಟಿಯಲ್ಲಿ ಇವರಾರ ಹೆಸರೂ ಇರುವುದಿಲ್ಲ. ಆದರೂ ಅಂಕಗಳು ಇವರವೇ.

ಕಲಿಯುವವರಿಗೂ ಎರಡು ಮಾತು. ಎಳೆಯರ ಹಾಗೆ ಬಾಯಿಪಾಠ ನಿಲ್ಲುತ್ತಿಲ್ಲವೆಂದು ಪ್ರಾಯಸ್ಥರು ಬೇಗ ಎದೆಗುಂದುತ್ತಾರೆ. ಪಾಠಶಾಲೆಗಳ ಸಂಪ್ರದಾಯದಲ್ಲಿ ಕಂಠಸ್ಥಕ್ಕೆ ಎಷ್ಟು ಗೌರವವೋ ಅರ್ಥಗ್ರಹಣಕ್ಕೂ ಅಷ್ಟೇ ಗೌರವ. ಎಳೆಯನು ಬಡ್ಡಿಯ ಲೆಕ್ಕವನ್ನು ಸೂತ್ರವಾಗಿ ಕಲಿಯುತ್ತಾನೆ. ಸಾಲ ತೀರಿಸಿದವನು ಅದನ್ನು ಬೆನ್ನಿನಿಂದ ಕಲಿತಿರುತ್ತಾನೆ. ಕ್ಷೇತ್ರಫಲವೆಂದರೆ ಹುಡುಗನಿಗೆ ಚಿತ್ರ, ಗುಂಟೆ ಅಳೆದವನಿಗೆ ಹೊಲ. ಈ ಅನುಭವವನ್ನು ಪುಸ್ತಕದ ಭಾಷೆಗೆ ಹೊಂದಿಸುವುದೊಂದೇ ಉಳಿದ ಕೆಲಸ. ಆದರೆ ಕೈಯ ಅಭ್ಯಾಸ ತಪ್ಪಿರುತ್ತದೆ. ಮೂರು ಗಂಟೆ ಬಿಡದೆ ಬರೆಯುವುದು ವರ್ಷಗಟ್ಟಲೆ ಲೇಖನಿ ಹಿಡಿಯದ ಬೆರಳುಗಳಿಗೆ ಸುಲಭವಲ್ಲ. ದಿನವೂ ಎರಡು ಪುಟ ಬರೆಯಬೇಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಬೇಕು. ಓದಲು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಲಿಂಗಪೂಜೆಗೆ ಹೊತ್ತನ್ನು ತಪ್ಪಿಸದವರಿಗೆ ಈ ನಿಯಮವನ್ನು ಹೇಳಿಕೊಡಬೇಕಾದುದಿಲ್ಲ.

ಸಂಕೋಚವನ್ನು ಕುರಿತು ಕಡೆಯ ಮಾತು. ಪ್ರಾಯ ಸಂದವರು ಈ ಪರೀಕ್ಷೆಯನ್ನು ಹಳೆಯ ಕಳಂಕವನ್ನು ತೊಳೆಯುವ ಸ್ನಾನವೆಂದು ಭಾವಿಸಿದರೆ ಪ್ರತಿ ಪ್ರಶ್ನೆಯೂ ಹಳೆಯ ಗಾಯವನ್ನೇ ಕೆದಕುವುದು. ಅಂದು ಬಿದ್ದ ಹುಡುಗನು ಬೇರೆ. ಇಂದು ಕುಳಿತಿರುವ ಗೃಹಸ್ಥನು ಬೇರೆ. ಹುಡುಗನನ್ನು ತಂದೆ ಕಳುಹಿಸಿದ್ದನು, ಗೃಹಸ್ಥನು ತಾನಾಗಿ ಬಂದಿದ್ದಾನೆ. ಹುಡುಗನಿಗೆ ಪರೀಕ್ಷೆಯೇ ಗುರಿ, ಗೃಹಸ್ಥನಿಗೆ ಅದು ಹೊಸ ಕಾಯಕದ ಹೊಸ್ತಿಲು. ಹೊಸ್ತಿಲ ಮೇಲೆ ಯಾರೂ ಕುಳಿತುಕೊಳ್ಳುವುದಿಲ್ಲ. ದಾಟಿ ಒಳಗೆ ಹೋಗುತ್ತಾರೆ. ಒಮ್ಮೆ ಎಡವಿದರೆ ಕಾಲನ್ನು ಸರಿಪಡಿಸಿಕೊಂಡು ಮತ್ತೆ ದಾಟುತ್ತಾರೆ.

ಹಾಗಾದರೆ ಶ್ರೀಮಠದ ಸದ್ಭಕ್ತರಿಂದ ಆಗಬೇಕಾದುದೇನು? ಮಠಗಳು ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಬಡಿಸಿದವು. ಸುತ್ತೂರು ಶ್ರೀಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ತೆರೆದಾಗ, ಹಳ್ಳಿಯಿಂದ ಬಂದ ಬಾಲಕನಿಗೆ ಓದಲು ನೆಲೆಯಾಯಿತು. ಈಗ ಆ ಬಾಲಕನ ಪಕ್ಕದಲ್ಲಿ ಅವನ ತಂದೆಗೂ ತಾಯಿಗೂ ಒಂದು ಮಣೆ ಹಾಕಬೇಕಾದ ಕಾಲ ಬಂದಿದೆ. ಇದಕ್ಕೆ ದೊಡ್ಡ ಕಟ್ಟಡ ಬೇಡ. ಸಂಜೆ ಏಳರಿಂದ ಒಂಬತ್ತರವರೆಗೆ ದೀಪವಿರುವ ಒಂದು ಕೋಣೆ, ಕಳೆದ ವರ್ಷದ ಪಠ್ಯಪುಸ್ತಕಗಳು, ವಾರಕ್ಕೆ ಎರಡು ದಿನ ಗಣಿತವನ್ನೂ ಇಂಗ್ಲಿಷನ್ನೂ ಹೇಳಿಕೊಡುವ ನಿವೃತ್ತ ಉಪಾಧ್ಯಾಯರೊಬ್ಬರು, ತಾಯಂದಿರು ಓದುವಾಗ ಮಕ್ಕಳನ್ನು ಆಡಿಸುವವರು ಇಷ್ಟಿದ್ದರೆ ಸಾಕು. ಅರ್ಜಿಯನ್ನು ತುಂಬಿಕೊಡುವವರೂ, ಯಾವ ಬಾಗಿಲು ಏನನ್ನು ಕೇಳುತ್ತದೆಂಬುದನ್ನು ವಿಚಾರಿಸಿ ತಿಳಿಸುವವರೂ ಇದ್ದರೆ ಇನ್ನೂ ಉತ್ತಮ. ಇದಕ್ಕೆ ಬೇಕಾದ ವಿದ್ಯಾವಂತರು ಈ ಸಭೆಯಲ್ಲಿಯೇ ನೂರಾರು ಮಂದಿ ಇದ್ದಾರೆ.

ಇದಕ್ಕೂ ಮೊದಲು ಮಾಡಬೇಕಾದುದು ಇನ್ನೊಂದುಂಟು; ಅದಕ್ಕೆ ಕಾಸೂ ಬೇಡ. ನೆರೆಮನೆಯ ಗೃಹಸ್ಥನು ಪುಸ್ತಕ ಹಿಡಿದು ಹೋಗುವಾಗ ನಗದೆ ಇರುವುದು. ಮದುವೆ ಮುಂಜಿಗಳಲ್ಲಿ ನಾಲ್ವರ ಮುಂದೆ, "ಏನು, ಪಾಸಾಯಿತೇ?" ಎಂದು ಕೇಳದೆ ಇರುವುದು. ತೇರ್ಗಡೆಯಾದರೆ ಸಂತೋಷಪಡುವುದು, ಆಗದಿದ್ದರೆ ಮುಂದಿನ ಪರೀಕ್ಷೆಯ ದಿನಾಂಕವನ್ನು ನೆನಪಿಸುವುದು. ಕಾಯಕವನ್ನು ಬದಲಿಸಿದ ಮಾರಯ್ಯನವರನ್ನು ಕಲ್ಯಾಣವು ನಕ್ಕು ಹಿಂದಕ್ಕೆ ಕಳುಹಿಸಲಿಲ್ಲ, ಪಂಕ್ತಿಯಲ್ಲಿ ಕೂಡಿಸಿಕೊಂಡಿತು. ಆ ಸಂಪ್ರದಾಯದವರೆಂದು ಹೇಳಿಕೊಳ್ಳುವವರು ಅದನ್ನು ಪಾಲಿಸಬೇಕಾದುದು ಇಲ್ಲಿಯೇ.

ಮುಂದಿನ ಚೈತ್ರದಲ್ಲಿ ಮೈಸೂರಿನ ಯಾವುದೋ ಶಾಲೆಯ ಬಾಗಿಲಲ್ಲಿ, ಕೂದಲು ನರೆತ ಒಬ್ಬರನ್ನು ಕಾವಲಿನವನು ತಡೆದಾಗ, ಅವರು ಸಂಕೋಚವಿಲ್ಲದೆ ತಲೆಯೆತ್ತಿ, "ನಾನೇ ಪರೀಕ್ಷೆಗೆ ಬಂದವನು" ಎಂದು ಹೇಳುವಂತಾಗಲಿ. ಹಾಗೆ ಹೇಳುವವರಿಗೆಲ್ಲ ಶ್ರೀಗುರುವಿನ ಕೃಪಾಶೀರ್ವಾದವು ದೊರೆಯಲಿ. ಅವರು ಹಿಡಿಯುವ ಹೊಸ ಕಾಯಕವು ಅವರಿಗೂ ಅವರ ಮನೆಗೂ ಲೋಕಕ್ಕೂ ಮಂಗಳವನ್ನುಂಟುಮಾಡಲಿ.